ಟಾಟಾ ಇನ್‌ಸ್ಟಿಟ್ಯೂಟಿನ ಕೋತಿಗಳೂ ವೈವಾದ ಒಂದು ಸಾಲೂ

ಅವೆನ್ಯೂ ರಸ್ತೆಯಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಫಿಸಿಯಾಲಜಿ ಪುಸ್ತಕಗಳಲ್ಲಿ ಗಂಡಸಿನ ಹಾರ್ಮೋನುಗಳ ಅಧ್ಯಾಯ ತೆರೆದು ನೋಡಿ. ಹಿಂದೆ ಓದಿದವರು ಹೈಲೈಟರ್ ಬಳಿದಿರುವುದು ಹೆಚ್ಚುಕಡಿಮೆ ಒಂದೇ ಸಾಲಿಗೆ: ಎಲ್‌ಎಚ್ ವೃಷಣದ ಲೇಡಿಗ್ ಕೋಶಕ್ಕೆ, ಎಫ್‌ಎಸ್‌ಎಚ್ ಸೆರ್ಟೋಲಿ ಕೋಶಕ್ಕೆ. ಮೊದಲನೆಯದರಿಂದ ಟೆಸ್ಟೋಸ್ಟಿರೋನ್, ಎರಡನೆಯದರಿಂದ ವೀರ್ಯಾಣು. ಕೋಟೆ ಪಕ್ಕದ ಬೆಂಗಳೂರು ಮೆಡಿಕಲ್ ಕಾಲೇಜು ಶುರುವಾದದ್ದು 1955ರಲ್ಲಿ. ಅಂದಿನಿಂದ ಎಷ್ಟು ಬ್ಯಾಚಿನ ಹುಡುಗ ಹುಡುಗಿಯರು ವೈವಾದಲ್ಲಿ ಈ ಸಾಲನ್ನು ಒಪ್ಪಿಸಿ ಬಚಾವಾಗಿದ್ದಾರೋ!

ಈ ಸಾಲಿನ ಎರಡನೇ ಅರ್ಧ ಎಷ್ಟರ ಮಟ್ಟಿಗೆ ನಿಜ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ದೊಡ್ಡ ತಕರಾರೇ ನಡೆದಿದೆ. ಅದರ ಒಂದು ಪಕ್ಷ ಇದ್ದದ್ದು ಮಲ್ಲೇಶ್ವರದ ಮಗ್ಗುಲಲ್ಲೇ, ಆಟೋದವರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳ ನಡುವೆ. ಅಲ್ಲಿನ ಜೀವರಸಾಯನ ವಿಭಾಗದಲ್ಲಿದ್ದ ನುಗ್ಗೇಹಳ್ಳಿ ರಘುವೀರ ಮೌದ್ಗಲ್ (1931–2011) ತಮ್ಮ ಜೀವಮಾನದ ಬಹುಭಾಗವನ್ನು ಈ ಎರಡು ಹಾರ್ಮೋನುಗಳಿಗೇ ಕೊಟ್ಟರು. 1976ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ಬೆಂಗಳೂರಿನ ಮೆಡಿಕಲ್ ವಿದ್ಯಾರ್ಥಿಗಳಲ್ಲಿ ಅವರ ಹೆಸರು ಕೇಳಿದವರು ಬಹಳ ಇರಲಾರರು ಎಂದು ನನ್ನ ಗುಮಾನಿ.

ಒಂದು ಹಾರ್ಮೋನಿನ ಕೆಲಸ ಏನೆಂದು ತಿಳಿಯಲು ಅದನ್ನು ಸ್ರವಿಸುವ ಗ್ರಂಥಿಯನ್ನೇ ಕತ್ತರಿಸಿ ತೆಗೆದು ನೋಡುವುದು ಹಳೆಯ ಕ್ರಮ. ಈ ಎರಡೂ ಹಾರ್ಮೋನುಗಳನ್ನು ಸ್ರವಿಸುವ ಪಿಟ್ಯುಟರಿ ಗ್ರಂಥಿಯ ಮಟ್ಟಿಗೆ ಇದರಲ್ಲೊಂದು ತೊಡಕಿದೆ. ಅದನ್ನು ತೆಗೆದರೆ ಎಲ್‌ಎಚ್, ಎಫ್‌ಎಸ್‌ಎಚ್ ಜೊತೆಗೆ ಥೈರಾಯ್ಡ್, ಅಡ್ರಿನಲ್‌ಗಳನ್ನು ನಡೆಸುವ ಹಾರ್ಮೋನುಗಳೂ ಒಟ್ಟಿಗೇ ಹೋಗುತ್ತವೆ. ಯಾವುದು ಹೋದದ್ದರಿಂದ ಏನಾಯಿತು ಎಂದು ಹೇಳುವುದು ಹೇಗೆ? 1960ರ ದಶಕದ ಆರಂಭದಲ್ಲಿ ಪಿಟ್ಯುಟರಿ ಹಾರ್ಮೋನುಗಳ ದೊಡ್ಡ ಪಂಡಿತ ಸಿ.ಎಚ್. ಲೀ ಅವರೊಡನೆ ಅಮೆರಿಕದಲ್ಲಿ ಕೆಲಸ ಮಾಡಿದ ಮೌದ್ಗಲ್ ಹಿಡಿದದ್ದು ಬೇರೆ ದಾರಿ. ಕುರಿಯ ಹಾರ್ಮೋನನ್ನು ಇನ್ನೊಂದು ಪ್ರಾಣಿಗೆ ಚುಚ್ಚಿದರೆ ಅದರ ಮೈ ಅದನ್ನು ಪರಕೀಯವೆಂದು ಗುರುತಿಸಿ ಪ್ರತಿಕಾಯಗಳನ್ನು ತಯಾರಿಸುತ್ತದೆ. ಕುರಿಯ ಹಾರ್ಮೋನಿಗೂ ಆ ಪ್ರಾಣಿಯ ಸ್ವಂತ ಹಾರ್ಮೋನಿಗೂ ಹೋಲಿಕೆ ಇರುವುದರಿಂದ ಆ ಪ್ರತಿಕಾಯಗಳು ಸ್ವಂತದ್ದನ್ನೂ ಹಿಡಿದು ಕಟ್ಟಿಹಾಕುತ್ತವೆ. ಹೀಗೆ ರಕ್ತದಿಂದ ಒಂದೇ ಒಂದು ಹಾರ್ಮೋನನ್ನು ಕಳೆದು, ಉಳಿದವನ್ನು ಮುಟ್ಟದೆ ಬಿಡಬಹುದು.

ಇದಕ್ಕೆ ಸಿಕ್ಕ ಪ್ರಾಣಿ ನಮ್ಮದೇ ದಕ್ಷಿಣದ ಕೋತಿ. ನೆತ್ತಿಯ ಮೇಲೆ ಬೈತಲೆ ತೆಗೆದಂತೆ ಕೂದಲು ಹರಡಿಕೊಂಡ, ಮಲ್ಲೇಶ್ವರದ ಅಡುಗೆಮನೆ ಕಿಟಕಿಯಿಂದ ಬಾಳೆಹಣ್ಣು ಎಗರಿಸುವ ಅದೇ ಜಾತಿ. ಹೆಣ್ಣು ಕೋತಿಗೆ ಸುಮಾರು 28 ದಿನಕ್ಕೊಮ್ಮೆ ಮುಟ್ಟಾಗುತ್ತದೆ. ಗಂಡು ಕೋತಿಯದೊಂದು ವಿಚಿತ್ರ: ಹಗಲಲ್ಲಿ ಅದರ ರಕ್ತದಲ್ಲಿ ಟೆಸ್ಟೋಸ್ಟಿರೋನ್ ಕಡಿಮೆ, ರಾತ್ರಿ ಹಲವು ಪಟ್ಟು ಏರುತ್ತದೆ. ಆದ್ದರಿಂದ ಬೆಳಗಿನ ಹತ್ತರ ಜೊತೆಗೆ ರಾತ್ರಿ ಹತ್ತು ಗಂಟೆಗೂ ರಕ್ತ ತೆಗೆಯಬೇಕಾಗುತ್ತಿತ್ತು. ಮನುಷ್ಯನದು ಇದಕ್ಕೆ ತಿರುಗುಮುರುಗು, ಬೆಳಗ್ಗೆಯೇ ಹೆಚ್ಚು. ಮಧ್ಯಾಹ್ನ ಊಟ ಮುಗಿಸಿ ಲ್ಯಾಬಿಗೆ ಹೋಗಿ ಟೆಸ್ಟೋಸ್ಟಿರೋನ್ ಕಡಿಮೆ ಎಂಬ ರಿಪೋರ್ಟು ತಂದವರಿಗೆ, ಬೆಳಗ್ಗೆ ಎಂಟಕ್ಕೆ ಹೋಗಿ ಇನ್ನೊಮ್ಮೆ ಮಾಡಿಸಿ ಎಂದು ಹೇಳುವುದು ಅದಕ್ಕೇ.

ಎಲ್‌ಎಚ್ ಕಳೆದಾಗ ಪುಸ್ತಕ ಹೇಳಿದಂತೆಯೇ ಟೆಸ್ಟೋಸ್ಟಿರೋನ್ ಕುಸಿಯಿತು. ಎಫ್‌ಎಸ್‌ಎಚ್ ಕಳೆದಾಗ ಟೆಸ್ಟೋಸ್ಟಿರೋನ್ ಇದ್ದ ಹಾಗೇ ಇತ್ತು, ರಾತ್ರಿಯ ಏರಿಕೆಯೂ ತಪ್ಪಲಿಲ್ಲ. ವೀರ್ಯಾಣುಗಳ ಸಂಖ್ಯೆ ಮಾತ್ರ ಇಳಿಯಿತು. ಈಗಾಗಲೇ ಮರಿ ಹಾಕಿದ ಹೆಣ್ಣುಗಳ ಜೊತೆ, ಅಂಡ ಬಿಡುಗಡೆಯಾಗುವ ದಿನಗಳಲ್ಲೇ ಬಿಟ್ಟರೂ ಗಂಡುಗಳಿಂದ ಗರ್ಭ ನಿಲ್ಲಲಿಲ್ಲ. ಕೂಡುವ ಆಸೆ ಹಾಗೇ ಉಳಿದು, ಗರ್ಭ ಕಟ್ಟಿಸುವ ಶಕ್ತಿಯಷ್ಟೇ ಹೋಗಿತ್ತು.

ಗಂಡಸಿಗೊಂದು ಗರ್ಭನಿರೋಧಕ ಹುಡುಕುವವರಿಗೆ ಇದಕ್ಕಿಂತ ಬೇರೇನು ಬೇಕು? ಈ ಊರಿಗೆ ಆ ಹುಡುಕಾಟದ ಹಿನ್ನೆಲೆಯೂ ಇದೆ. ಬೇರೆ ಸರ್ಕಾರಗಳು ಆ ಮಾತೆತ್ತಲು ಹಿಂಜರಿಯುತ್ತಿದ್ದ 1930ರಲ್ಲೇ ಮೈಸೂರು ಸರ್ಕಾರ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಆದರೆ ನಮ್ಮಲ್ಲಿ ‘ಆಪರೇಷನ್ ಆಯಿತಾ?’ ಎಂದು ಬಾಣಂತಿಯನ್ನು ಕೇಳುತ್ತಾರೆ, ಅವಳ ಗಂಡನನ್ನು ಕೇಳಿದ್ದು ನಾನು ಕಂಡಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಂತಾನಹರಣಕ್ಕೆ ಒಳಗಾದ ವಿವಾಹಿತ ಮಹಿಳೆಯರು ಶೇ 37.9. ಗಂಡನೇ ಆಪರೇಷನ್ ಮಾಡಿಸಿಕೊಂಡದ್ದು ಶೇ 0.3. ಗಂಡಸರದ್ದು ಚಿಕ್ಕ ಆಪರೇಷನ್, ಹೊಟ್ಟೆ ಕೊಯ್ಯುವ ಪ್ರಶ್ನೆಯೇ ಇಲ್ಲ. ಆದರೂ ತುರ್ತುಪರಿಸ್ಥಿತಿಯ ಕಾಲದ ಬಲವಂತದ ಆಪರೇಷನ್ನಿನ ಭಯ ಇನ್ನೂ ಪೂರ್ತಿ ಹೋಗಿಲ್ಲ. ಭಯ ಇಲ್ಲದವರಿಗೆ ನೆಪಗಳಿಗೇನೂ ಕೊರತೆಯಿಲ್ಲ.

ಐವರು ಸ್ವಯಂಸೇವಕ ಗಂಡಸರಿಗೆ ಕುರಿಯ ಎಫ್‌ಎಸ್‌ಎಚ್ ಚುಚ್ಚಿದ ಪ್ರಯೋಗದ ಫಲಿತಾಂಶವನ್ನು ಮೌದ್ಗಲ್ ತಂಡ 1997ರಲ್ಲಿ ಪ್ರಕಟಿಸಿತು. ಪ್ರತಿಕಾಯ ಹುಟ್ಟಿತು, ಟೆಸ್ಟೋಸ್ಟಿರೋನ್ ಕದಲಲಿಲ್ಲ, ವೀರ್ಯಾಣು ಸಂಖ್ಯೆ ತಗ್ಗಿತು. ಎಲ್ಲ ಸರಿ, ಆದರೆ ಸೊನ್ನೆಗೆ ಇಳಿಯಲಿಲ್ಲ. ಅದೇ ವರ್ಷ ಫಿನ್ಲೆಂಡಿನಿಂದ ಇನ್ನೂ ಐವರು ಗಂಡಸರ ಸುದ್ದಿ ಬಂತು. ಎಫ್‌ಎಸ್‌ಎಚ್ ಬಂದರೂ ಅದನ್ನು ಗ್ರಹಿಸಲಾಗದ ಜೀನ್ ದೋಷ ಅವರಿಗೆ ಹುಟ್ಟಿನಿಂದಲೇ ಇತ್ತು. ಅವರಲ್ಲಿ ಯಾರ ವೀರ್ಯಾಣುವೂ ಪೂರ್ತಿ ಬತ್ತಿರಲಿಲ್ಲ, ಇಬ್ಬರಿಗಂತೂ ಮಕ್ಕಳಿದ್ದರು. ಅದೇ ದೋಷವಿದ್ದ ಹೆಂಗಸರಲ್ಲಿ ಅಂಡಾಶಯಗಳೇ ಕೆಲಸ ಮಾಡುತ್ತಿರಲಿಲ್ಲ. ಎಫ್‌ಎಸ್‌ಎಚ್ ಇಲ್ಲದಂತೆ ಬೆಳೆಸಿದ ಅಮೆರಿಕದ ಪ್ರಯೋಗದ ಇಲಿಗಳದೂ ಅದೇ ಕತೆ: ಗಂಡಿಗೆ ಮರಿಗಳಾದವು, ಹೆಣ್ಣಿಗೆ ಆಗಲಿಲ್ಲ. ಗಂಡಿಗೆ ಎಫ್‌ಎಸ್‌ಎಚ್ ಅಂಥ ಅನಿವಾರ್ಯವೇನಲ್ಲ ಎಂದು ಹಲವರು ತೀರ್ಪು ಕೊಟ್ಟೇಬಿಟ್ಟರು. ಮರುವರ್ಷ ಸ್ವೀಡನ್‌ನಿಂದ ಇನ್ನೊಬ್ಬನ ವಿಷಯ ತಿಳಿಯಿತು. ಅವನಲ್ಲಿ ಎಫ್‌ಎಸ್‌ಎಚ್ ಹಾರ್ಮೋನೇ ದೋಷಪೂರಿತ. ವಯಸ್ಸಿಗೆ ಬಂದದ್ದೆಲ್ಲ ಸಹಜವಾಗಿಯೇ, ಆದರೆ ವೀರ್ಯದಲ್ಲಿ ಒಂದೂ ವೀರ್ಯಾಣು ಇರಲಿಲ್ಲ.

ಇಲಿಯ ಮಾತು ಕೇಳಿ ಕೋತಿಯ ಮಾತನ್ನು ಬದಿಗಿಟ್ಟದ್ದು ಅವಸರವಾಯಿತು ಎಂದೇ ನನ್ನ ಎಣಿಕೆ. ಹಾಗೆಂದು ಈ ಎಫ್‌ಎಸ್‌ಎಚ್ ಲಸಿಕೆಯ ಪರ ವಾದಿಸಲೂ ಮನಸ್ಸು ಬಾರದು. ಪ್ರತಿಕಾಯ ಒಬ್ಬರಲ್ಲಿ ಹೆಚ್ಚು, ಒಬ್ಬರಲ್ಲಿ ಕಡಿಮೆ ಹುಟ್ಟುತ್ತದೆ. ಗರ್ಭನಿರೋಧಕವನ್ನು ನೆಚ್ಚಬೇಕಾದರೆ ಮಿಲಿಲೀಟರಿಗೆ ವೀರ್ಯಾಣು 10 ಲಕ್ಷಕ್ಕಿಂತ ಕೆಳಗೇ ನಿಲ್ಲಬೇಕು. ‘ತಗ್ಗಿತು’ ಎಂಬುದನ್ನು ನಂಬಿ ಯಾವ ಹೆಂಗಸು ತನ್ನ ಮಾತ್ರೆ ಬಿಟ್ಟಾಳು?

ಸ್ಲೈಡಿನಲ್ಲಿ ಸೆರ್ಟೋಲಿ ಕೋಶವನ್ನು ಒಮ್ಮೆ ನಿಧಾನವಾಗಿ ನೋಡಿದರೆ ಈ ಗೊಂದಲ ಏಕೆಂದು ಸ್ವಲ್ಪ ಅರ್ಥವಾಗುತ್ತದೆ. ಇಟಲಿಯ ಎನ್ರಿಕೋ ಸೆರ್ಟೋಲಿ 1865ರಲ್ಲಿ ಅದನ್ನು ವರ್ಣಿಸಿದಾಗ ಅವನಿಗೆ ನಮ್ಮ ಹೌಸ್ ಸರ್ಜನ್‌ಗಳ ವಯಸ್ಸು. ವೃಷಣದ ನಾಳದ ತಳದಿಂದ ನಡುವಿನ ಪೊಳ್ಳಿನವರೆಗೆ ಉದ್ದಕ್ಕೂ ನಿಂತ ಕೋಶ ಅದು. ಬೆಳೆಯುತ್ತಿರುವ ವೀರ್ಯಾಣುಗಳು ಅದರ ಮಡಿಲು, ಪಕ್ಕೆಗಳಲ್ಲಿ ಹುದುಗಿರುತ್ತವೆ, ಸುಮಾರು ಎರಡೂವರೆ ತಿಂಗಳು. ಅದಕ್ಕೆ ಎಫ್‌ಎಸ್‌ಎಚ್ ಬೇಕು, ಪಕ್ಕದ ಲೇಡಿಗ್ ಕೋಶದ ಟೆಸ್ಟೋಸ್ಟಿರೋನೂ ಬೇಕು. ಅದೂ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಗಾಢವಾಗಿ, ವೃಷಣದ ಒಳಗೇ ತಯಾರಾದದ್ದು.

ಇದು ಗೊತ್ತಿಲ್ಲದ್ದರಿಂದ ಆಗುತ್ತಿರುವ ಅನಾಹುತವನ್ನು ಇವತ್ತು ಬಂಜೆತನದ ಕ್ಲಿನಿಕ್‌ಗಳಲ್ಲಿ ನೋಡಬಹುದು. ಮಕ್ಕಳಾಗಿಲ್ಲವೆಂದು ಹೆಂಡತಿಗೆ ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ಮುಗಿದಿರುತ್ತದೆ. ಕೊನೆಗೆ ಗಂಡನ ಸರದಿ. ಕಟ್ಟುಮಸ್ತಾದ ಮೈ, ತೋಳು ಬಿಗಿಯುವ ಟೀಶರ್ಟು. ಪರೀಕ್ಷಿಸಿದರೆ ವೃಷಣಗಳು ಸಣ್ಣ, ಮೆತ್ತಗೆ. ರಿಪೋರ್ಟಿನಲ್ಲಿ ಟೆಸ್ಟೋಸ್ಟಿರೋನ್ ಭರ್ಜರಿ, ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎರಡೂ ನೆಲಕಚ್ಚಿವೆ, ವೀರ್ಯಾಣು ಸೊನ್ನೆ. ಜಿಮ್ಮಿನಲ್ಲಿ ಯಾರೋ ಕೊಟ್ಟ ಇಂಜೆಕ್ಷನ್ನನ್ನು ‘ಬಾಡಿ ಬರಲಿ’ ಎಂದು ತಿಂಗಳುಗಟ್ಟಲೆ ಚುಚ್ಚಿಕೊಂಡಿರುತ್ತಾನೆ. ರಕ್ತದಲ್ಲಿ ಸಾಕಷ್ಟಿದೆ ಎಂದು ಪಿಟ್ಯುಟರಿ ಕೈಕಟ್ಟಿ ಕೂತಿದೆ, ವೃಷಣದ ಒಳಗೆ ಬರಗಾಲ. ಟೆಸ್ಟೋಸ್ಟಿರೋನನ್ನೇ ಗರ್ಭನಿರೋಧಕವಾಗಿ ಪರೀಕ್ಷಿಸಿದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 1990ರಲ್ಲೇ ಪ್ರಕಟವಾಗಿತ್ತು. ಈತ ತಿಳಿಯದೆ ಅದನ್ನೇ ತನ್ನ ಮೇಲೆ ಮಾಡಿಕೊಂಡಿದ್ದಾನೆ.

ಕೇಳದೆ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಹೆಂಡತಿ ಪಕ್ಕದಲ್ಲಿದ್ದರಂತೂ ಇಲ್ಲವೇ ಇಲ್ಲ. ಹೆಂಡತಿಯನ್ನು ಎರಡು ನಿಮಿಷ ಹೊರಗೆ ಕೂರಿಸಿ ಕೇಳಬೇಕು. ಇಂಜೆಕ್ಷನ್ ನಿಲ್ಲಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಆರು ತಿಂಗಳು, ಕೆಲವರಿಗೆ ಎರಡು ವರ್ಷ. ತಡವಾದರೆ ಎಲ್‌ಎಚ್‌ನ ಬದಲಿಗೆ ಎಚ್‌ಸಿಜಿ, ಬೇಕಾದರೆ ಅದರ ಜೊತೆಗೆ ಎಫ್‌ಎಸ್‌ಎಚ್ ಕೊಡುತ್ತಾರೆ. ನಡುವೆ ವೀರ್ಯ ಪರೀಕ್ಷೆಗೆ ವಾರ ವಾರ ಲ್ಯಾಬಿಗೆ ಓಡಿದರೆ ದುಡ್ಡು ದಂಡ. ಒಂದು ವೀರ್ಯಾಣು ತಯಾರಾಗಿ ಹೊರಬರಲು ಹಿಡಿಯುವ ಕಾಲ ನೋಡಿದರೆ ಮೂರು ತಿಂಗಳಿಗೊಮ್ಮೆ ಸಾಕು.