ಯಾರೂ ಕಲಿಯದಿದ್ದರೂ ಏರುವ ಸಾಕ್ಷರತೆ

ಬೆಂಗಳೂರು ಓದಿದವರ ಊರು ಅಂತ ನಾವೆಲ್ಲ ಸಲೀಸಾಗಿ ಹೇಳಿಬಿಡುತ್ತೇವೆ. 2011ರ ಜನಗಣತಿಯೂ ಹಾಗೇ ಹೇಳುತ್ತದೆ: ಬೆಂಗಳೂರು ನಗರ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 88. ಗಂಡಸರಲ್ಲಿ 91, ಹೆಂಗಸರಲ್ಲಿ 84. ಈ ಏಳರ ಅಂತರ ಎಲ್ಲಿ ಕೂತಿದೆ? ನಮ್ಮ ಕ್ಲಾಸಿನ ಹುಡುಗಿಯರಲ್ಲಂತೂ ಅಲ್ಲ.

ಬಹುಪಾಲು ಅದು ವಯಸ್ಸಾದವರಲ್ಲಿದೆ. 1951ರಲ್ಲಿ ದೇಶದ ಗಂಡಸರಲ್ಲಿ ಶೇ. 27ರಷ್ಟು ಜನಕ್ಕೆ ಓದು ಬರಹ ಬರುತ್ತಿತ್ತು, ಹೆಂಗಸರಲ್ಲಿ ಶೇ. 9ರಷ್ಟೂ ಇರಲಿಲ್ಲ. ಆಗ ಏಳು ವರ್ಷದವಳಾಗಿದ್ದ ಹುಡುಗಿ 2011ರಲ್ಲಿ 67ರ ಅಜ್ಜಿ. ಅವಳಿಗೆ ತಪ್ಪಿದ ಶಾಲೆ ಅರವತ್ತು ವರ್ಷ ಆದಮೇಲೂ ಲೆಕ್ಕದಲ್ಲಿ ಹಾಗೇ ಉಳಿದಿದೆ. ಕೂಲಿಗೆಂದು ಬೇರೆ ಜಿಲ್ಲೆಗಳಿಂದ ಬಂದವರು ತಮ್ಮೂರಿನ ಶಾಲೆಯ ಕಥೆಯನ್ನೂ ಜೊತೆಗೆ ತರುತ್ತಾರೆ. ಯಾದಗಿರಿಯಲ್ಲಿ ಅದೇ ಗಣತಿಯಂತೆ ಹೆಂಗಸರ ಸಾಕ್ಷರತೆ ಸುಮಾರು ಶೇ. 41.

ಈಗ ಒಂದು ಸಣ್ಣ ಲೆಕ್ಕ. ಒಂದು ಬೀದಿಯಲ್ಲಿ ನೂರು ಜನ, ಹತ್ತು ಜನ ವಯಸ್ಸಾದವರಿಗೆ ಓದು ಬರಲ್ಲ. ಸಾಕ್ಷರತೆ ಶೇ. 90. ಹತ್ತು ವರ್ಷದಲ್ಲಿ ಆ ಹತ್ತರಲ್ಲಿ ಐವರು ತೀರಿಕೊಂಡು, ಅವರ ಜಾಗಕ್ಕೆ ಶಾಲೆಗೆ ಹೋಗುವ ಐದು ಮಕ್ಕಳು ಬಂದರು ಅಂದುಕೊಳ್ಳಿ. ಈಗ ಶೇ. 95! ಉಳಿದ ಐವರು ಒಂದಕ್ಷರವನ್ನೂ ಕಲಿತಿಲ್ಲ. ಸರಾಸರಿ ಏರಿತು ಅಂದಮಾತ್ರಕ್ಕೆ ಯಾರಿಗೋ ಕಲಿಸಿದ್ದೇವೆ ಎಂದಲ್ಲ. ಅದಕ್ಕೇ ನಗರದ ಒಂದೇ ಅಂಕಿ ನೋಡುವುದಕ್ಕಿಂತ ಜನಗಣತಿಯ ಸಿ-8 ಕೋಷ್ಟಕ ತೆರೆಯುವುದು ಮೇಲು. ಅದರಲ್ಲಿ ಓದಿನ ಮಟ್ಟವನ್ನು ವಯಸ್ಸು, ಲಿಂಗ ಎರಡರ ಪ್ರಕಾರವೂ ಬಿಡಿಸಿಟ್ಟಿದ್ದಾರೆ.

ಇನ್ನೊಂದು ಸೂಕ್ಷ್ಮ. ಏಳು ವರ್ಷ ತುಂಬಿದವರು ಯಾವುದೇ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆದರೆ ಸಾಕು, ಗಣತಿಗೆ ಅವರು ಸಾಕ್ಷರರು. ತಮಿಳು ಓದುವ, ಕನ್ನಡ ಬೋರ್ಡ್ ಓದಲಾಗದ ಅಮ್ಮನೂ ಆ 84ರೊಳಗೇ ಇದ್ದಾರೆ. (ಕನ್ನಡ ಸಂಘದವರಾದ ನಮಗೆ ಇದು ಸ್ವಲ್ಪ ಚುರುಕ್ ಅನ್ನಿಸಿತು.) 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಟಿಕೆಟ್ ಉಚಿತವಾಗಿದೆ ನಿಜ, ಆದರೆ ಓದು ಬಾರದವರು ಬಸ್ ಎಲ್ಲಿಗೆ ಹೋಗುತ್ತೆ ಅಂತ ಈಗಲೂ ಪಕ್ಕದವರನ್ನೇ ಕೇಳಬೇಕು.

ವಯಸ್ಕರಿಗೆ ಕಲಿಸುವ ಯೋಜನೆ ಇಲ್ಲದಿಲ್ಲ. ಕೇಂದ್ರದ 'ಉಲ್ಲಾಸ್' 2022ರಿಂದ 2027ರವರೆಗಿನದು, 15 ವರ್ಷ ದಾಟಿದ ಎಲ್ಲರಿಗೂ. ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರು. ಕಲಿಯುವವರ ಹೆಸರೂ ಕಲಿಸುವವರ ಹೆಸರೂ ಅದೇ ಹೆಸರಿನ ಆ್ಯಪ್‌ನಲ್ಲಿ ನೋಂದಣಿಯಾಗುತ್ತವೆ.