ಅಜ್ಜನ ಕಾಲದ ರೈಫಲ್‌ಗೆ ಲೈಸೆನ್ಸ್ ಬೇಡವೇ?

ಬಸವನಗುಡಿಯಲ್ಲೋ ಚಾಮರಾಜಪೇಟೆಯಲ್ಲೋ ಹಳೇ ಮನೆ ಕೆಡವುವಾಗ ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜನ ರೈಫಲ್ ಸಿಕ್ಕಿತು ಎಂದುಕೊಳ್ಳಿ. 'ನೂರು ವರ್ಷ ದಾಟಿದ್ದರೆ ಆಂಟಿಕ್, ಲೈಸೆನ್ಸ್ ಬೇಡ' ಎಂದು ಫ್ಯಾಮಿಲಿ ಗ್ರೂಪಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನಂಬಬೇಡಿ.

ನಾವು 1959ರ ಶಸ್ತ್ರಾಸ್ತ್ರ ಕಾಯ್ದೆ ತೆರೆದು ನೋಡಿದೆವು. ಹಳೇ ಮಾದರಿಯ, ಪುರಾತನ ಮೌಲ್ಯದ ಆಯುಧಗಳಿಗೆ 45ನೇ ಸೆಕ್ಷನ್ ವಿನಾಯಿತಿ ಕೊಡುವುದು ನಿಜ. ಆದರೆ ಷರತ್ತೊಂದಿದೆ: ರಿಪೇರಿ ಮಾಡಿದರೂ ಅದರಿಂದ ಗುಂಡು ಹಾರಿಸಲು ಆಗಬಾರದು. ನೂರು ವರ್ಷದ ಲೆಕ್ಕ ಅಲ್ಲಿಲ್ಲ. ಎರಡೂ ಮಹಾಯುದ್ಧ ಕಂಡ ಲೀ-ಎನ್‌ಫೀಲ್ಡ್, ಅಂದರೆ ನಮ್ಮ ಪೊಲೀಸರ 'ತ್ರೀ ನಾಟ್ ತ್ರೀ', ತುಕ್ಕು ಹಿಡಿದರೂ ಎಷ್ಟೋ ಸಲ ರಿಪೇರಿ ಆಗುತ್ತದೆ. ಮೇಲಾಗಿ ಅದು ನಿಷೇಧಿತ ಬೋರ್. ಅಂಥದ್ದನ್ನು ಅನುಮತಿಯಿಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ 7 ವರ್ಷ ಜೈಲು.

'ಕೊಡಗಿನಲ್ಲಿ ಬೇಡವಲ್ಲ?' ಎನ್ನಬಹುದು. ಆ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಸದ್ಯ 2029ರವರೆಗೆ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಕೋವಿ ಎಷ್ಟು ಹಳೆಯದು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಏನು ಮಾಡಬೇಕು? ಬೋಲ್ಟ್ ಎಳೆದು, ಟ್ರಿಗರ್ ಒತ್ತಿ ನೋಡಲು ಹೋಗಬೇಡಿ, ಒಳಗೆ ಗುಂಡು ಉಳಿದಿರಬಹುದು. ಸೆಲ್ಫಿಯೂ ಬೇಡ. ರೈಫಲ್ ಹೊತ್ತುಕೊಂಡು ಬೀದಿಗಿಳಿಯುವ ಮೊದಲು ಹತ್ತಿರದ ಠಾಣೆಗೆ ಫೋನ್ ಮಾಡಿ. ಅಜ್ಜನ ಹಳೇ ಲೈಸೆನ್ಸ್ ಪುಸ್ತಕ ಸಿಕ್ಕರೆ ಜೋಪಾನ ಮಾಡಿ. ಲೈಸೆನ್ಸ್ ಇದ್ದವರು ತೀರಿಕೊಂಡರೆ ಆಯುಧವನ್ನು ತಡಮಾಡದೆ ಠಾಣೆಯಲ್ಲಿ ಅಥವಾ ಲೈಸೆನ್ಸ್ ಪಡೆದ ಡೀಲರ್ ಬಳಿ ಠೇವಣಿ ಇಡಬೇಕು ಎನ್ನುತ್ತದೆ 21ನೇ ಸೆಕ್ಷನ್. ನಿಷೇಧಿತ ಬೋರ್ ಅಲ್ಲದಿದ್ದರೆ, ಬೆಂಗಳೂರಿನವರು ಬಳಿಕ ತಮ್ಮ ಹೆಸರಿಗೆ ಲೈಸೆನ್ಸ್ ಕೋರಿ ಪೊಲೀಸ್ ಕಮಿಷನರ್ ಕಚೇರಿಗೆ ಅರ್ಜಿ ಹಾಕಬಹುದು.