ಬದಲಿ ಸಂಗ್ರಹಣಾ ಕೇಂದ್ರದ ನಿಯಮ: ನಗರ ಮಳಿಗೆಗಳಿಗೆ ಪೂರೈಸುವ ರೈತ ಉತ್ಪಾದಕ ಕಂಪನಿಗಳಿಗೆ ಮಾರ್ಗದರ್ಶನ

ಬೆಂಗಳೂರಿನ ಮಲ್ಲೇಶ್ವರಂನಂತಹ ಹಳೆಯ ಬಡಾವಣೆಗಳಲ್ಲಿ ತರಕಾರಿ, ಹಣ್ಣು ಮತ್ತು ಹೂವಿಗೆ ವರ್ಷವಿಡೀ ಬೇಡಿಕೆಯಿದ್ದು, ವರಮಹಾಲಕ್ಷ್ಮಿ ಹಾಗೂ ಗೌರಿ-ಗಣೇಶ ಹಬ್ಬಗಳ ಹಿಂದಿನ ದಿನಗಳಲ್ಲಿ ಅದು ಒಮ್ಮೆಲೇ ಏರುತ್ತದೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಆರಂಭಗೊಂಡ ಹಾಪ್‌ಕಾಮ್ಸ್, ಬೆಳೆಗಾರರ ಮಾಲನ್ನು ನಗರದ ಮಳಿಗೆಗಳಿಗೆ ತಲುಪಿಸುವ ದಾರಿಯನ್ನು ತೋರಿತು. ಇದೇ ದಾರಿ ಹಿಡಿಯುವ ರೈತ ಉತ್ಪಾದಕ ಕಂಪನಿಗಳು ಬೇಡಿಕೆ ಮತ್ತು ದಾಸ್ತಾನಿನ ಲೆಕ್ಕಕ್ಕೆ ಯೋಜನಾ ತಂತ್ರಾಂಶವನ್ನು ಬಳಸುವಾಗ, ಅದರಲ್ಲಿನ ‘ಬದಲಿ ಸ್ಥಳ ನಿಯಮ’ವನ್ನು ವಿಶೇಷ ಎಚ್ಚರಿಕೆಯಿಂದ ರೂಪಿಸಬೇಕು.

ನಿಯಮ ಎಂದರೇನು?

ಒಂದು ಉದಾಹರಣೆ ನೋಡಿ. ಮಲ್ಲೇಶ್ವರಂ ಮಳಿಗೆಯಿಂದ 300 ಕಿ.ಗ್ರಾಂ. ಬೀನ್ಸ್‌ಗೆ ಇಂಡೆಂಟ್ ಬಂದಿದೆ. ಅದಕ್ಕೆ ನಿಗದಿಯಾದ ದೊಡ್ಡಬಳ್ಳಾಪುರ ಕೇಂದ್ರದಲ್ಲಿ ಇರುವುದು 180 ಕಿ.ಗ್ರಾಂ. ಮಾತ್ರ. ನಿಯಮವಿಲ್ಲದಿದ್ದರೆ ತಂತ್ರಾಂಶ 120 ಕಿ.ಗ್ರಾಂ. ಕೊರತೆ ತೋರಿಸಿ ನಿಲ್ಲುತ್ತದೆ. ನಿಯಮವಿದ್ದರೆ ಮೊದಲು ದೇವನಹಳ್ಳಿ, ಬಳಿಕ ಚಿಕ್ಕಬಳ್ಳಾಪುರ ಕೇಂದ್ರಗಳ ದಾಸ್ತಾನನ್ನು ಪರಿಶೀಲಿಸಿ ಕೊರತೆಯನ್ನು ಹಂಚುತ್ತದೆ.

ಆದರೆ ತಂತ್ರಾಂಶಕ್ಕೆ ಕಾಣುವುದು ತೂಕ ಮಾತ್ರ. ಕೇಂದ್ರ ಬದಲಾದಾಗ ಮಾಲು ಮಾರಾಟವಾಗುವ ರೈತನೂ ಬದಲಾಗುತ್ತಾನೆ. ಆದ್ದರಿಂದ ನಿಯಮಗಳನ್ನು ಗಣಕಯಂತ್ರ ನಿರ್ವಾಹಕರಿಗೆ ಬಿಟ್ಟುಬಿಡದೆ, ನಿರ್ದೇಶಕ ಮಂಡಳಿಯಲ್ಲಿ ಚರ್ಚಿಸಿ ನಿರ್ಧರಿಸುವುದು ಸೂಕ್ತ.

ನಿಯಮ ರೂಪಿಸುವಾಗ ಗಮನಿಸಬೇಕಾದ ಅಂಶಗಳು

1. ಬೆಳೆವಾರು ನಿಯಮ: ಎಲ್ಲ ಬೆಳೆಗಳಿಗೂ ಒಂದೇ ನಿಯಮ ಸಲ್ಲದು. ಸೊಪ್ಪು ಬೇಗ ಬಾಡುವುದರಿಂದ ಹತ್ತಿರದ ಕೇಂದ್ರವನ್ನು ಮಾತ್ರ ಬದಲಿಯಾಗಿ ನಮೂದಿಸಿ. ಆಲೂಗಡ್ಡೆ, ಒಣಗಿಸಿದ ಈರುಳ್ಳಿಗಳಿಗೆ ದೂರದ ಕೇಂದ್ರವೂ ಆಗಬಹುದು.

2. ಊರಿನ ಹೆಸರಿಗೆ ಅಂಟಿದ ಬೆಳೆ: ಬೆಂಗಳೂರು ನೀಲಿ ದ್ರಾಕ್ಷಿ, ಬೆಂಗಳೂರು ಗುಲಾಬಿ ಈರುಳ್ಳಿ, ದೇವನಹಳ್ಳಿ ಚಕ್ಕೋತ ಇವು ಭೌಗೋಳಿಕ ಸೂಚಕ ಪಡೆದಿವೆ. ನೋಂದಾಯಿತ ಪ್ರದೇಶದ ಹೊರಗೆ ಬೆಳೆದ ಮಾಲನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಇವುಗಳಿಗೆ ಹೊರಗಿನ ಕೇಂದ್ರಗಳ ಬದಲಿಯನ್ನು ಸಂಪೂರ್ಣವಾಗಿ ಮುಚ್ಚಿಡಿ. ದೃಢೀಕೃತ ಸಾವಯವ ಉತ್ಪನ್ನಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

3. ಆದ್ಯತೆಯ ಕ್ರಮ: ಕಿಲೋಮೀಟರ್ ಒಂದನ್ನೇ ನೋಡಬೇಡಿ. ಕೊಯ್ಲಿನ ವೇಳೆ, ವಾಹನ ಹೊರಡುವ ವೇಳೆ ಮತ್ತು ಮಳಿಗೆ ತಲುಪಿದ ಮೇಲೆ ಮಾಲು ಇನ್ನೆಷ್ಟು ದಿನ ತಾಜಾ ಉಳಿಯುತ್ತದೆ ಎಂಬುದನ್ನು ಒಟ್ಟಿಗೆ ಪರಿಗಣಿಸಿ ಕ್ರಮಸಂಖ್ಯೆ ಕೊಡಿ.

4. ಕಾಯ್ದಿಟ್ಟ ಪ್ರಮಾಣ: ಮೇಲಿನ ಉದಾಹರಣೆಯಲ್ಲಿ ದೇವನಹಳ್ಳಿಯಲ್ಲಿ 200 ಕಿ.ಗ್ರಾಂ. ಇದ್ದು, ಅದರಲ್ಲಿ 140 ಕಿ.ಗ್ರಾಂ. ಬೇರೆ ಮಳಿಗೆಗೆ ಒಪ್ಪಿಸಿದ್ದಾದರೆ ಬದಲಿಗೆ ಸಿಗುವುದು 60 ಕಿ.ಗ್ರಾಂ. ಮಾತ್ರ. ಉಳಿದ 60 ಕಿ.ಗ್ರಾಂ. ಚಿಕ್ಕಬಳ್ಳಾಪುರದಿಂದ ಬರಬೇಕು. ಒಪ್ಪಿಸಿದ ಪ್ರಮಾಣವನ್ನು ಕಳೆಯದಿದ್ದರೆ ಒಂದೇ ಮಾಲನ್ನು ಇಬ್ಬರಿಗೆ ಮಾತುಕೊಟ್ಟಂತಾಗುತ್ತದೆ.

5. ದಿಕ್ಕು: ದೇವನಹಳ್ಳಿಯು ದೊಡ್ಡಬಳ್ಳಾಪುರಕ್ಕೆ ಬದಲಿ ಎಂದ ಮಾತ್ರಕ್ಕೆ ದೊಡ್ಡಬಳ್ಳಾಪುರ ದೇವನಹಳ್ಳಿಗೆ ಬದಲಿಯಾಗಬೇಕಿಲ್ಲ. ಎರಡೂ ದಿಕ್ಕಿನ ನಿಯಮ ಅಗತ್ಯವಿದ್ದರೆ, ಹುಡುಕಾಟ ಸುತ್ತಿ ಸುತ್ತಿ ಅಲ್ಲಿಗೇ ಬರದಂತೆ ಹಂತಗಳಿಗೆ ಮಿತಿ ಹಾಕಿ.

6. ಕನಿಷ್ಠ ಪ್ರಮಾಣ: ಹತ್ತು ಕಿ.ಗ್ರಾಂ. ಬೀನ್ಸ್‌ಗಾಗಿ ಪ್ರತ್ಯೇಕ ವಾಹನ ಹೊರಟರೆ ಬಾಡಿಗೆ ಮಾಲಿನ ಬೆಲೆಯನ್ನೇ ಮೀರುತ್ತದೆ. ನಿಗದಿತ ಪ್ರಮಾಣಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದೇ ದಾಖಲಿಸಿ.

7. ಅವಧಿ: ಹಬ್ಬಕ್ಕೆಂದು ಸೇರಿಸಿದ ನಿಯಮಕ್ಕೆ ಆರಂಭದ ದಿನಾಂಕದೊಂದಿಗೆ ಮುಕ್ತಾಯದ ದಿನಾಂಕವನ್ನೂ ನಮೂದಿಸಿ. ಇಲ್ಲವಾದರೆ ಹಬ್ಬ ಮುಗಿದ ಮೇಲೂ ದೂರದ ಕೇಂದ್ರದಿಂದ ಮಾಲು ತರಿಸುವ ಖರ್ಚು ಮುಂದುವರಿಯುತ್ತದೆ.

ಪಾವತಿ ಮತ್ತು ಸಾಗಣೆ ವೆಚ್ಚ

ಬದಲಿಯಾಗಿ ಹೋದ ಕ್ರೇಟುಗಳ ಮೇಲೆ ಮೂಲ ಕೇಂದ್ರದ ಹೆಸರು ಮತ್ತು ತಂಡ ಸಂಖ್ಯೆ ಇರಲೇಬೇಕು. ಇದರಿಂದ ಹಣ ಸರಿಯಾದ ರೈತನ ಖಾತೆಗೆ ಸೇರುತ್ತದೆ. ಗುಣಮಟ್ಟದ ದೂರು ಬಂದಾಗ ಮೂಲ ಪತ್ತೆಯಾಗುತ್ತದೆ. ಹೆಚ್ಚುವರಿ ಸಾಗಣೆ ವೆಚ್ಚ ಯಾರದೆಂಬುದನ್ನು ಮೊದಲೇ ನಿರ್ಣಯಿಸಿ. ಕೊರತೆ ತುಂಬಿದ ರೈತನ ಬಿಲ್ಲಿನಲ್ಲಿಯೇ ಅದನ್ನು ಮುರಿದುಕೊಂಡರೆ ಮುಂದಿನ ಬಾರಿ ಆತ ಮಾಲು ಕೊಡಲು ಹಿಂಜರಿಯುತ್ತಾನೆ. ಕಂಪನಿಯ ಸಾಮಾನ್ಯ ಖಾತೆಯಿಂದ ಭರಿಸುವುದು ನ್ಯಾಯಸಮ್ಮತ.

ಪರೀಕ್ಷೆ ಮತ್ತು ಮಾಸಿಕ ಪರಿಶೀಲನೆ

ನಿಯಮಗಳನ್ನು ಜಾರಿಗೊಳಿಸುವ ಮುನ್ನ ಕಳೆದ ಒಂದು ವಾರದ ಇಂಡೆಂಟ್‌ಗಳನ್ನು ಪ್ರಾಯೋಗಿಕವಾಗಿ ಹಾಕಿ, ತಂತ್ರಾಂಶ ಆಯ್ದ ಕೇಂದ್ರಗಳನ್ನು ಅನುಭವಿ ಸಿಬ್ಬಂದಿಯ ಆಯ್ಕೆಯೊಂದಿಗೆ ಹೋಲಿಸಿ. ಜಾರಿಯಾದ ಬಳಿಕ ಪ್ರತಿ ತಿಂಗಳೂ ಬದಲಿಗಳ ಪಟ್ಟಿ ತೆಗೆಯಿರಿ. ಒಂದೇ ಕೇಂದ್ರದ ಒಂದೇ ಬೆಳೆಗೆ ಪದೇ ಪದೇ ಬದಲಿ ಬೇಕಾಗುತ್ತಿದ್ದರೆ ಅದು ಆಕಸ್ಮಿಕ ಕೊರತೆಯಲ್ಲ. ಅಂತಹ ಕೇಂದ್ರದ ರೈತರೊಂದಿಗೆ ಕುಳಿತು ಬಿತ್ತನೆಯ ವಿಸ್ತೀರ್ಣ ಮತ್ತು ಹಂತ ಬಿತ್ತನೆಯ ವೇಳಾಪಟ್ಟಿಯನ್ನು ಪರಿಷ್ಕರಿಸಿ. ಬದಲಿ ನಿಯಮ ಒಂದು ದಿನದ ಕೊರತೆಯನ್ನು ತುಂಬಬಲ್ಲದು. ಹಂಗಾಮಿನ ಕೊರತೆಯನ್ನು ಹೊಲದಲ್ಲಿಯೇ ಸರಿಪಡಿಸಬೇಕು.